ವಲ್ಲಿಯ ಅಂಚಿನ ಗಂಟು

ಬಸ್ಸು ದೇವನಹಳ್ಳಿ ದಾಟಿದ ಮೇಲೂ ಗೋಪಾಲಪ್ಪ ಹೆಗಲ ಮೇಲಿನ ವಲ್ಲಿಯ ತುದಿಯನ್ನು ಬೆರಳಿಗೆ ಸುತ್ತುವುದನ್ನೂ ಬಿಚ್ಚುವುದನ್ನೂ ನಿಲ್ಲಿಸಿರಲಿಲ್ಲ. ಸುತ್ತಿದಾಗ ಬೆರಳ ತುದಿ ಬಿಳಿಚಿಕೊಳ್ಳುತ್ತಿತ್ತು. ಬಿಚ್ಚಿದಾಗ ರಕ್ತ ಹಿಂದಿರುಗಿ ಚುಮುಚುಮು ಎನ್ನುತ್ತಿತ್ತು. ಆ ಒಂದು ಕ್ಷಣ ಮಾತ್ರ ಅವನಿಗೆ ತನ್ನ ಮೈಯಲ್ಲಿ ನಡೆಯುವುದು ತನ್ನ ಹತೋಟಿಯಲ್ಲಿದೆ ಎನ್ನಿಸುತ್ತಿತ್ತು. ಉಳಿದಂತೆ ಎದೆಯೊಳಗೆ ಏನೋ ಒಂದು, ಬಾವಿಗೆ ಬಿಟ್ಟ ಕೊಡ ನೀರು ಮುಟ್ಟುವ ಮೊದಲು ಹಗ್ಗವನ್ನು ಎಳೆದುಕೊಂಡು ಹೋಗುವ ಹಾಗೆ, ಇಳಿಯುತ್ತಲೇ ಇತ್ತು. ಊರಿಗೆ ಬಂದ ದಿನದಿಂದ ಇದೇ. ತಂಗಿ ಬಡಿಸಿದ ಅನ್ನದ ಮುಂದೆ, ಶಾಲೆಯವರು ಕರೆಸಿ ಹಾರ ಹಾಕಿದಾಗ, ಬೆಳಿಗ್ಗೆ ಹಲ್ಲುಜ್ಜುವಾಗ ಕೂಡ. ಪಕ್ಕದಲ್ಲಿ, ತೊಡೆಯ ಮೇಲೆ ಹುಂಜವೊಂದನ್ನು ಅದುಮಿ ಹಿಡಿದು ಕೂತಿದ್ದ ಮುದುಕ ಬಹಳ ಹೊತ್ತಿನಿಂದ ಇವನ ಗಡಿಯಾರವನ್ನೇ ನೋಡುತ್ತಿದ್ದವನು ಕೊನೆಗೆ ಬಾಯಿಬಿಟ್ಟ.

“ಸಮೇತನಹಳ್ಳಿ ಆಫ್ರಿಕಾ ಮೇಷ್ಟ್ರಲ್ವಾ ತಾವು?”

“ಹೌದಪ್ಪ.”

“ಅಲ್ಲಿ ಮನುಷ್ಯರ್ನೇ ತಿಂತಾರಂತೆ, ದಿಟವಾ?”

“ಅದೆಲ್ಲ ಸುಳ್ಳು. ನಮ್ಮಂಗೇ ಜನ. ರೊಟ್ಟಿ ತಿಂತಾರೆ.”

“ಹಂಗಂತ ನೀವ್ ಹೇಳ್ತೀರಿ. ಮೇಷ್ಟ್ರುಗಳ್ನ ಅಷ್ಟು ದೂರದಿಂದ ತರಿಸ್ಕೊಳ್ತಾರೆ ಅಂದ್ಮೇಲೆ ಪಾಠ ಕೇಳಕ್ಕೇನಾ?”

ಹಿಂದಿನ ಸೀಟಿನವರು ನಕ್ಕರು. ಗೋಪಾಲಪ್ಪನೂ ನಕ್ಕ. ನಗುವಾಗ ತುಟಿ ಹಲ್ಲಿಗೆ ಅಂಟಿಕೊಂಡು, ಬಾಯಿ ಮುಚ್ಚುವುದಕ್ಕೆ ಪ್ರಯತ್ನಪಡಬೇಕಾಯಿತು. ಮುಂದಿನ ವಾರ ಬೊಂಬಾಯಿಯಿಂದ ವಿಮಾನ. ಅದನ್ನು ತಾನು ಹತ್ತುವುದರಲ್ಲಿ ಸಂದೇಹವಿರಲಿಲ್ಲ, ಹತ್ತಲೇಬೇಕು. ಇಥಿಯೋಪಿಯಾದ ಉತ್ತರದ ಗುಡ್ಡಗಳ ನಡುವಿನ ಗೊರ್ಜೆ ಎಂಬ ಊರಿನಲ್ಲಿ, ತಗಡಿನ ಮಾಡಿನ ಮನೆಯಲ್ಲಿ, ಭಾಗ್ಯ ಮಗುವಿನೊಂದಿಗೆ ಕಾಯುತ್ತಿದ್ದಾಳೆ. ಪ್ರಶ್ನೆ ಇದ್ದದ್ದು ಪಕ್ಕದ ಸೀಟಿನಲ್ಲಿ, ಅಲ್ಲಿ ತನ್ನ ಜೊತೆಯ ಮೇಷ್ಟ್ರಾದ, ಈಗ ತಾನು ಕರೆತರಲು ಹೊರಟಿರುವ ಲಕ್ಷ್ಮಯ್ಯ ಇರುತ್ತಾನೋ ಇಲ್ಲವೋ ಎಂಬುದು. ಇದ್ದರೆ ಲಕ್ಷ್ಮಯ್ಯ ಜೈಲಿಗೆ. ಇಲ್ಲದಿದ್ದರೆ ತಾನು. ಇದನ್ನು ಇಷ್ಟು ಬಿಡಿಸಿ ತನಗೆ ತಾನೇ ಹೇಳಿಕೊಂಡದ್ದು ಇದೇ ಮೊದಲೆಂದು ಅವನಿಗೆ ಹೊಳೆದು, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಮುದುಕನ ಕಡೆ ನೋಡಿದ. ಹುಂಜ ಒಂದು ಕಣ್ಣಿನಿಂದ ಅವನನ್ನೇ ದಿಟ್ಟಿಸುತ್ತಿತ್ತು.

ಪ್ರಾಂತಕ್ಕೊಬ್ಬ ಪ್ರತಿನಿಧಿ ಇರಬೇಕೆಂಬುದು ಅಲ್ಲಿಯ ಭಾರತೀಯ ಶಿಕ್ಷಕರ ಸಂಘದ ನಿಯಮ. ರಾಜಧಾನಿಯಲ್ಲಿ ಕಾರ್ಯದರ್ಶಿ ಕುರುವಿಳ. ಪ್ರಾಂತಗಳಲ್ಲಿ ಅವನ ಸುತ್ತೋಲೆಗಳನ್ನು ಓದಿ ಹೇಳುವವರು. ತಮ್ಮ ಪ್ರಾಂತದಲ್ಲಿ ಮಲೆಯಾಳಿಗಳು ತಮಿಳರನ್ನು ಒಪ್ಪಲಿಲ್ಲ, ತಮಿಳರು ಮಲೆಯಾಳಿಗಳನ್ನು ಒಪ್ಪಲಿಲ್ಲ, ಇಬ್ಬರೂ ಗುಜರಾತಿನ ವಿಜ್ಞಾನದ ಮೇಷ್ಟರನ್ನು ಒಪ್ಪಲಿಲ್ಲ. ಚಹಾ ತಣ್ಣಗಾಗಿ ಎಲ್ಲರೂ ಗಡಿಯಾರ ನೋಡತೊಡಗಿದಾಗ ಮೂಲೆಯಿಂದ ಲಕ್ಷ್ಮಯ್ಯ ಎದ್ದು ನಿಂತು, “ನಮ್ಮ ಗೋಪಾಲಪ್ಪನವರು ಆಗಲಿ” ಎಂದಿದ್ದ. ಮೈಸೂರಿನವರು ಇಬ್ಬರೇ, ಇವರಿಂದ ಯಾರಿಗೂ ಉಪಕಾರವಿಲ್ಲದಿದ್ದರೂ ಅಪಾಯವಿಲ್ಲ. ಕೈಗಳು ತಕ್ಷಣ ಮೇಲಕ್ಕೆದ್ದವು. ಯಾರಿಗೂ ಬೇಡದವನಾದ್ದರಿಂದಲೇ ಎಲ್ಲರಿಗೂ ಸಮ್ಮತನಾದೆ ಎಂಬುದು ಆ ಕೈಗಳನ್ನು ನೋಡುವಾಗಲೇ ಗೋಪಾಲಪ್ಪನಿಗೆ ತಿಳಿದಿತ್ತು. ಆದರೂ ಆ ರಾತ್ರಿ ಊಟದ ಹೊತ್ತಿಗೆ ಭಾಗ್ಯಳಿಗೆ ಹೇಳುವಾಗ ಅವನ ದನಿ ಒಂದು ಸುತ್ತು ದಪ್ಪಗಾಗಿತ್ತು. “ಏನ್ ಕೆಲ್ಸ ಅದು?” ಎಂದಳು ಅವಳು. “ನಮ್ಮೋರಿಗೆ ಏನಾದ್ರೂ ಆದ್ರೆ ನಾನ್ ಹೋಗಿ ನಿಂತ್ಕೋಬೇಕು.” “ನಿಂತ್ಕೊಂಡ್ರೆ?”

ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗ ಬೀದಿಯ ಎರಡೂ ಕಡೆಯಿಂದ ಮಗ್ಗಗಳ ಸದ್ದು ಬಂದು ಕಿವಿ ತುಂಬಿತು. ಒಂದೇ ಸಮನೆ ಬಡಿಯುವ ಆ ಸದ್ದಿನ ನಡುವೆ ಗೊರ್ಜೆಯ ಹೆದ್ದಾರಿ ಮತ್ತೆ ಬಿಚ್ಚಿಕೊಂಡಿತು. ರಸ್ತೆಯ ಅಂಚಿಗೆ ಸಾಲಾಗಿ ಕೂತಿದ್ದವರು ಯಾರೂ ಕೈ ಚಾಚಿರಲಿಲ್ಲ. ಅದೇ ಭಯಂಕರವಾಗಿತ್ತು. ಕೈ ಚಾಚುವುದು ಮುಗಿದ ಮೇಲೆ ಕೂತವರು ಅವರು. ಕ್ಷಾಮವಿಲ್ಲ ಎಂದು ಸರ್ಕಾರದ ರೇಡಿಯೋ ಹೇಳುತ್ತಿದ್ದುದರಿಂದ ಅವರನ್ನು ಏನೆಂದು ಕರೆಯಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ. ಗೋಪಾಲಪ್ಪ ಬಸ್ಸಿನ ಕಿಟಕಿಯ ಪರದೆಯನ್ನು ಎಳೆದುಕೊಂಡಿದ್ದ. ಮಗುವಿಗೆ ಬಿಸಿಲು ಬೀಳುತ್ತದೆಂದು ಭಾಗ್ಯಳಿಗೆ ಹೇಳಿದ್ದ. ಭೂಗೋಳದ ಮೇಷ್ಟ್ರಾದ ಲಕ್ಷ್ಮಯ್ಯ ಮಾತ್ರ ತನ್ನ ತರಗತಿಯ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಬುಟ್ಟಿಗಳಲ್ಲಿ ರೊಟ್ಟಿ ತುಂಬಿಸಿ ಹೆದ್ದಾರಿಗೆ ನಡೆಸಿಕೊಂಡು ಹೋದ. ಮೂರನೆಯ ದಿನ ಪೊಲೀಸರು ಬಂದರು. ಇಲ್ಲದ ಕ್ಷಾಮಕ್ಕೆ ರೊಟ್ಟಿ ಹಂಚಿದ ವಿದೇಶಿ.

ಆಗ ಪ್ರತಿನಿಧಿ ಹೋಗಿ ನಿಂತುಕೊಂಡ. ಸರಳುಗಳ ಆಚೆಯಿಂದ ಲಕ್ಷ್ಮಯ್ಯ ಕನ್ನಡದಲ್ಲಿ, ಯಾರಿಗೂ ತಿಳಿಯದ ಕನ್ನಡದಲ್ಲಿ, “ನಮ್ಮವ್ವ ಸಾಯ್ತಾ ಅವ್ಳೆ ಗೋಪಾಲಪ್ಪ, ಒಂದ್ಸಲ ಮುಖ ನೋಡ್ಬೇಕು” ಎಂದಾಗ, ತನ್ನನ್ನು ಒಬ್ಬರು ಏನನ್ನಾದರೂ ಬೇಡಿದ್ದು ಇದೇ ಮೊದಲೆಂಬ ಒಂದು ಬಗೆಯ ಬೆಚ್ಚಗಿನ ಹೆಮ್ಮೆ ಗೋಪಾಲಪ್ಪನಲ್ಲಿ ಎದ್ದಿತ್ತು. ಈಗ ನೆನೆದರೆ ಹೇಸಿಗೆಯಾಗುತ್ತಿದ್ದದ್ದು ಆ ಹೆಮ್ಮೆಗೆ. ಪೊಲೀಸು ಅಧಿಕಾರಿ ಮುದುಕ, ಹಳೆಯ ಕಾಲದವನು. ಮಳೆಗಾಲದ ರಜ ಮುಗಿದು ಶಾಲೆ ತೆರೆಯುವ ದಿನ ಇವನನ್ನು ತಂದೊಪ್ಪಿಸುವುದಕ್ಕೆ ಜಾಮೀನು ಯಾರು ಎಂದ. ನಾನು, ಎಂದ ಗೋಪಾಲಪ್ಪ. ಮುದುಕ ನಕ್ಕು, ಈಗ ಎಲ್ಲೂ ನಡೆಯದ ತನ್ನ ಅಜ್ಜನ ಕಾಲದ ರೂಢಿಯೊಂದನ್ನು ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ನಡೆಸಿದ: ಇಬ್ಬರೂ ಹೊದ್ದಿದ್ದ ಬಿಳಿಯ ಶಲ್ಯಗಳ ಅಂಚನ್ನು ಸೇರಿಸಿ ಗಂಟು ಹಾಕಿದ. ಗಂಟನ್ನು ಬಿಚ್ಚಬೇಕಾದವನು ಕಟ್ಟಿದವನು. ಜಾಮೀನು ನಿಂತವನೇ ಬಿಚ್ಚಿಬಿಟ್ಟರೆ, ಇವನನ್ನು ನಾನು ಬಿಟ್ಟೆ, ಇವನ ಬದಲಿಗೆ ನನ್ನನ್ನು ಹಿಡಿಯಿರಿ ಎಂದು ಅರ್ಥ. ಹಾಗೆಯೇ ಅಂಗಡಿ ಬೀದಿಯಲ್ಲಿ ನಡೆದರು, ಹಿಂದೆ ಒಬ್ಬ ಪೊಲೀಸು, ಅವನ ಹಿಂದೆ ಕೇಕೆ ಹಾಕುವ ಮಕ್ಕಳು. ಮನೆಯ ಬಾಗಿಲು ತೆರೆದ ಭಾಗ್ಯ ಮದುವೆಯ ಸೆರಗುಗಂಟಿನಂತೆ ಕಟ್ಟಿಸಿಕೊಂಡು ನಿಂತ ಇಬ್ಬರು ಗಂಡಸರನ್ನು ನೋಡಿ ಮೊದಲು ನಕ್ಕಳು. ಪೊಲೀಸಿನವನು ಅಧಿಕಾರಿಯ ಪರವಾಗಿ ಗಂಟು ಬಿಚ್ಚಿ, ಅದರ ಬದಲಿಗೆ ಅವಳ ಪಾಸ್‌ಪೋರ್ಟನ್ನು ಕೇಳಿ ತೆಗೆದುಕೊಂಡಾಗ ನಗು ನಿಂತಿತು. “ನನ್ನ ಕೇಳಿದ್ರಾ?” ಎಂದಳು. ಅಷ್ಟೇ. ಊರಿನಲ್ಲಿ ಅವನು ಎಲ್ಲರಿಗೂ ಹೇಳಿದ್ದು ಮಗುವಿಗೆ ನೆಗಡಿ, ಪ್ರಯಾಣ ಬೇಡವೆಂದರು ಎಂದು.

ಲಕ್ಷ್ಮಯ್ಯನ ಊರಾದ ರಾಜಘಟ್ಟದಲ್ಲಿ ಅರಳಿಕಟ್ಟೆಯ ಮುಂದೆ ಬಸ್ಸು ನಿಲ್ಲುತ್ತದೆ. ಕಟ್ಟೆಯ ಮೇಲೆ ಸಾಮಾನ್ಯವಾಗಿ ಕೂತಿರುವವರು ಭಾಗ್ಯಳ ಸೋದರಮಾವ ಅಪ್ಪಯ್ಯಣ್ಣ. ಗೋಪಾಲಪ್ಪ ಊರಿಗೆ ಮುಂಚಿನ ತಿರುವಿನಲ್ಲೇ ಇಳಿದು, ಕೆರೆ ಏರಿಯ ಹಿಂಬದಿಯಿಂದ ಕೇರಿಗೆ ನಡೆದ. ಕಳ್ಳನ ಹಾಗೆ ಹೋಗುತ್ತಿದ್ದೇನೆ ಎನ್ನಿಸಿತು. ಯಾರಾದರೂ ಕಂಡರೆ ಏನು ಹೇಳಬೇಕೆಂದು ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡ, ಇನ್ನೊಂದನ್ನು ಸಿದ್ಧಪಡಿಸಿಕೊಂಡ. ಕೇರಿಯ ಮೊದಲ ಮನೆಯ ಮುಂದೆ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಹುಲ್ಲಿನ ಹೊರೆಯನ್ನು ದೊಪ್ಪನೆ ಕೆಡವಿ, ಕೋಳಿಗಳನ್ನು ಬೈಯುತ್ತ ನಿಂತಿದ್ದಳು.

“ಲಕ್ಷ್ಮಯ್ಯ ಮೇಷ್ಟ್ರ ಮನೆ?”

“ಇದೇ ಬುದ್ಧಿ. ನಾನು ಅವ್ರ ತಾಯಿ, ದ್ಯಾವಮ್ಮ.”

ಕೊಡ ನೀರನ್ನು ಮುಟ್ಟಿತು. ಸಾಯುತ್ತಿದ್ದ ತಾಯಿ ಸೆರಗಿನಿಂದ ಕತ್ತಿನ ಬೆವರೊರೆಸಿಕೊಂಡು, ಬಂದವರು ಯಾರೆಂದು ತಿಳಿದದ್ದೇ ಕಣ್ಣಲ್ಲಿ ನೀರು ತಂದುಕೊಂಡಳು. “ನೀವೇಯಾ ಗೋಪಾಲಪ್ಪನೋರು? ನನ್ ಮಗನ್ನ ಬಿಡಿಸ್ಕೊಂಡ್ ಬಂದ್ರಂತಲ್ಲ, ನಿಮ್ ಹೊಟ್ಟೆ ತಣ್ಣಗಿರ್ಲಿ. ಅಲ್ಲ ಬುದ್ಧಿ, ಅವ್ನಿಗೆ ಏನಾಗದೆ ಅಲ್ಲಿ? ಬಂದ್ ದಿನಾನೇ ಮನೆ ಬಾಗ್ಲು ಕಿತ್ತಾಕ್ಬಿಟ್ಟ. ಹಿಂದುಗಡೆ ಹುಣಸೆಮರದ ಕೆಳಗೆ ಹಾಕ್ಕೊಂಡು ಅದ್ರ ಮೇಲೇ ಮಲಗ್ತಾನೆ. ನಾಯಿ ನುಗ್ತವೆ ಅಂದ್ರೆ, ನುಗ್ಲಿ ಬಿಡವ್ವಾ ಅಂತಾನೆ.”

ಮನೆಗೆ ನಿಜಕ್ಕೂ ಬಾಗಿಲಿರಲಿಲ್ಲ. ಕಲ್ಲಿನ ಹೊಸಿಲು, ಚೌಕಟ್ಟು, ಒಳಗೆ ಕತ್ತಲು. ಹಿತ್ತಲಲ್ಲಿ ಆ ಬಾಗಿಲು ನಾಲ್ಕು ಇಟ್ಟಿಗೆಗಳ ಮೇಲೆ ಮಂಚವಾಗಿ ಮಲಗಿತ್ತು. ಅದರ ಅಗುಳಿ ಇನ್ನೂ ಹಾಗೇ ಇತ್ತು. ಅದರ ಮೇಲೆ ಗೊರ್ಜೆಯ ಬಿಳಿ ಶಲ್ಯ ಹೊದ್ದು ಕೂತಿದ್ದ ಲಕ್ಷ್ಮಯ್ಯ, ಇವನನ್ನು ಕಂಡು ಎದ್ದ. ಗಡ್ಡ ಬೆಳೆದಿತ್ತು. ಎದ್ದದ್ದು ಗೌರವಕ್ಕೋ ಓಡುವುದಕ್ಕೋ ಒಂದು ಗಳಿಗೆ ಗೊತ್ತಾಗಲಿಲ್ಲ. ಅಲ್ಲಿ ‘ಬಾರಯ್ಯ ಗೋಪಾಲಪ್ಪ’ ಎನ್ನುತ್ತಿದ್ದವನು ಇಲ್ಲಿ, “ಬನ್ನಿ ಗೌಡ್ರೇ” ಎಂದ.

“ನಿಮ್ಮ ತಾಯಿ…” ಎಂದ ಗೋಪಾಲಪ್ಪ.

“ಚೆನ್ನಾಗವ್ಳೆ. ಸಾಯ್ತಿದ್ದದ್ದು ನಾನು. ಹಂಗಂದಿದ್ರೆ ನೀವ್ ಜಾಮೀನು ನಿಲ್ತಿದ್ರಾ?”

ಗೋಪಾಲಪ್ಪ ಸಿದ್ಧಪಡಿಸಿಕೊಂಡು ಬಂದಿದ್ದ ಮಾತುಗಳನ್ನು ಒಂದೊಂದಾಗಿ ಹೊರತೆಗೆದ. ಒಬ್ಬ ಹೀಗೆ ಮಾಡಿದರೆ ಪ್ರಾಂತದ ಅಷ್ಟೂ ಮೇಷ್ಟ್ರುಗಳ ಹೆಸರಿಗೆ ಮಸಿ. ಸಂಘದ ಮಾತಿಗೆ ನಾಳೆಯಿಂದ ಬೆಲೆ ಉಳಿಯುವುದಿಲ್ಲ. ಕುರುವಿಳ ರಾಜಧಾನಿಯಲ್ಲಿ ದೊಡ್ಡವರೊಂದಿಗೆ ಮಾತಾಡಿದ್ದಾನೆ, ಒಂದು ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಾರೆ. ತನ್ನ ದನಿ ಸಭೆಯಲ್ಲಿ ಸುತ್ತೋಲೆ ಓದುವ ದನಿಯಾಗಿರುವುದು ಅವನಿಗೇ ಕೇಳಿಸುತ್ತಿತ್ತು. ಪ್ರತಿಯೊಂದು ಮಾತಿನ ಕೆಳಗೂ, ತೆಳು ಬಟ್ಟೆಯ ಕೆಳಗೆ ಹಲ್ಲಿಯಂತೆ, ಭಯ ಮಿಸುಕುತ್ತಿತ್ತು. ಲಕ್ಷ್ಮಯ್ಯ ಮಾತನ್ನು ಕೇಳದೆ ಆ ಮಿಸುಕಾಟವನ್ನೇ ನೋಡುತ್ತಿದ್ದ. ಬಾಗಿಲು ಮುಚ್ಚಿದರೆ ಉಸಿರು ಕಟ್ಟುವವನನ್ನು ಬಾಗಿಲು ಮುಚ್ಚುವಲ್ಲಿಗೆ ಕರೆದೊಯ್ಯಲು ಬಂದಿದ್ದೇನೆ, ಎಂದುಕೊಂಡ ಗೋಪಾಲಪ್ಪ. ಜೈಲಿನ ಮುಚ್ಚಿದ ಆ ಬಾಗಿಲ ಒಳಗೆ ಏನು ನಡೆಯಿತೆಂದು ತಾನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಇಲ್ಲಿಗೆ ಬರಲಾಗುತ್ತಿರಲಿಲ್ಲ.

“ಭಾಗ್ಯಮ್ಮನೋರು ಹೆಂಗವ್ರೆ?” ಎಂದ ಲಕ್ಷ್ಮಯ್ಯ, ಮಾತಿನ ನಡುವೆಯೇ.

ಗೋಪಾಲಪ್ಪ ನೀರಿಗೆಂದು ಸುತ್ತ ನೋಡಿದ. ದ್ಯಾವಮ್ಮ ದೂರದಲ್ಲಿ ನಿಂತು, “ಎಳನೀರು ಕೀಳಿಸ್ಲಾ ಬುದ್ಧಿ, ನಮ್ಮನೆ ನೀರು…” ಎಂದು ಅರ್ಧಕ್ಕೆ ನಿಲ್ಲಿಸಿದಳು. ಗೊರ್ಜೆಯಲ್ಲಿ ಲಕ್ಷ್ಮಯ್ಯನೂ ತಾನೂ ಒಂದೇ ಅಗಲವಾದ ತಟ್ಟೆಯಿಂದ ಉಣ್ಣುತ್ತಿದ್ದರು. ಅಲ್ಲಿಯ ಪದ್ಧತಿಯಂತೆ ಒಬ್ಬರ ಬಾಯಿಗೆ ಒಬ್ಬರು ತುತ್ತು ಇಟ್ಟದ್ದೂ ಉಂಟು. ಅದು ದೊಡ್ಡತನವೆಂದು ಆಗ ಅನ್ನಿಸಿತ್ತು. ಅಲ್ಲಿ ನೋಡುವವರಿರಲಿಲ್ಲ ಎಂಬುದು ಮಾತ್ರ ಈ ಹಿತ್ತಲಲ್ಲಿ, ಬೇಲಿಯಾಚೆ ಯಾರೋ ದನ ಹೊಡೆದುಕೊಂಡು ಹೋಗುವ ಸದ್ದು ಕೇಳಿದಾಗ ತಿಳಿಯಿತು. “ನೀರೇ ಕೊಡಮ್ಮ” ಎಂದ. ತಂದ ಚೊಂಬನ್ನು ಎತ್ತಿ ಗಟಗಟ ಕುಡಿದ. ಪ್ರೀತಿ ಬಿಡಿಸದಿದ್ದ ಮೈಲಿಗೆಯನ್ನು ಹೆದರಿಕೆ ಬಿಡಿಸಿತು. ಚೊಂಬು ಕೆಳಗಿಡುವಾಗ ಲಕ್ಷ್ಮಯ್ಯ ಸಣ್ಣಗೆ ನಗುತ್ತಿದ್ದ.

“ಬಹಳ ಹೆದ್ರಿದೀರ ಗೌಡ್ರೇ.”

“ಪಾಸ್‌ಪೋರ್ಟು ಅವರ ಹತ್ರ ಐತೆ ಲಕ್ಷ್ಮಯ್ಯ. ಮಗು ಐತೆ. ನಿನ್ನ ಕಾಲಿಗೆ ಬೀಳ್ತೀನಿ.” ಸಂಘವೂ ಪ್ರಾಂತವೂ ಹೆಸರೂ ಎಲ್ಲ ಒಮ್ಮೆಗೇ ಕಳಚಿಬಿದ್ದು, ತನ್ನ ಬಾಯಿಂದ ಇಷ್ಟು ಸಣ್ಣ ದನಿ ಹೊರಡಬಹುದೆಂದು ಗೊತ್ತಿಲ್ಲದವನಂತೆ ಗೋಪಾಲಪ್ಪ ಕೂತಿದ್ದ.

ಲಕ್ಷ್ಮಯ್ಯ ಅಗುಳಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದ. ಆಮೇಲೆ ನಗು ಇಲ್ಲದ ದನಿಯಲ್ಲಿ ಹೇಳಿದ: “ಬರ್ತೀನಿ. ಇವತ್ತೇ ನಿಮ್ ಜೊತೆ ಹೊರಟ್ಬಿಡ್ತೀನಿ. ಆದ್ರೆ ಒಂದು. ಗೊರ್ಜೆ ಬೀದೀಲಿ ಗಂಟು ಹಾಕಿಸ್ಕೊಂಡು ನಡೆದ್ರಲ್ಲ, ಹಂಗೇ ಇಲ್ಲೂ ನಡೀಬೇಕು. ಈ ಕೇರಿಯಿಂದ ಬಸ್ ನಿಲ್ಲೋ ತಾವಿನ ತನಕ. ಗಂಟು ಹಂಗೇ ಇದ್ರೆ ನಿಮ್ ಹಿಂದೆ ಬಸ್ ಹತ್ತೀನಿ, ಬೊಂಬಾಯಿಗೂ ಬರ್ತೀನಿ, ಆ ಬಾಗ್ಲೊಳಕ್ಕೂ ಹೋಗ್ತೀನಿ.”

“ಯಾಕೆ ಇದೆಲ್ಲ?”

“ನಾನು ಹುಟ್ಟಿದ ಊರಲ್ಲಿ ನನಗೂ ಒಬ್ಬ ಜಾಮೀನು ಅವ್ನೆ ಅಂತ ಒಂದ್ಸಲ ನೋಡ್ಬೇಕು. ನೋಡಿದ್ರೆ ಆ ಕತ್ಲಲ್ಲಿ ಇರೋಕಾಗ್ಬೋದು, ಅನ್ಸ್ತದೆ. ಹುಚ್ಚು ಅಂದ್ಕೊಳ್ಳಿ.”

ತನ್ನ ಶಲ್ಯದ ಅಂಚನ್ನೂ ಗೋಪಾಲಪ್ಪನ ವಲ್ಲಿಯ ಅಂಚನ್ನೂ ಸೇರಿಸಿ ಅವನೇ ಗಂಟು ಹಾಕಿದ. ಗಂಟು ಸಣ್ಣದು, ಹುಣಸೆಬೀಜದಷ್ಟು. ದ್ಯಾವಮ್ಮ, “ಏನ್ಲಾ ಇದು, ಗೌಡ್ರ ವಲ್ಲಿ ಕಣ್ಲಾ!” ಎಂದು ಬಾಯಿಗೆ ಸೆರಗಿಟ್ಟುಕೊಂಡಳು. “ಆಟ ಕಣವ್ವ, ಆಫ್ರಿಕಾದ ಆಟ” ಎಂದ ಲಕ್ಷ್ಮಯ್ಯ. ಬಾಗಿಲಿಲ್ಲದ ಮನೆಯೊಳಗೆ ಹೋಗಿ ಚೀಲ ತರುವಾಗಲೂ ಗೋಪಾಲಪ್ಪ ಜೊತೆಗೇ ಹೊಸಿಲು ದಾಟಬೇಕಾಯಿತು. ಚೀಲ ಮೊದಲೇ ಕಟ್ಟಿಟ್ಟಿತ್ತು. ಇವನು ಬರುವುದಕ್ಕೇ ಸಿದ್ಧನಾಗಿದ್ದ.

ಕೇರಿ ದಾಟುವವರೆಗೆ ಅವನಿಗೆ ಹಗುರವೆನಿಸಿತು. ಭಾಗ್ಯ ಬಾಗಿಲು ತೆರೆಯುವುದು, ಇಬ್ಬರನ್ನೂ ನೋಡುವುದು, ಈ ಸಲ ನಗು ನಿಲ್ಲದೆ ಮುಂದುವರಿಯುವುದು, ಎಲ್ಲ ಕಾಣುತ್ತಿತ್ತು. ಪಕ್ಕದಲ್ಲಿ ಲಕ್ಷ್ಮಯ್ಯನ ಉಸಿರು ಕೇಳುತ್ತಿತ್ತು. ಇಬ್ಬರ ಹೆಜ್ಜೆ ಹೊಂದದಿದ್ದರೆ ಗಂಟು ಎಳೆಯುತ್ತಿತ್ತು. ಆದ್ದರಿಂದ ಹೆಜ್ಜೆ ಹೊಂದಿತು. ಮೇಲಿನ ಬೀದಿಗೆ ತಿರುಗಿದಾಗ ರಾಗಿ ಕೇರುತ್ತಿದ್ದ ಹೆಂಗಸರ ಮೊರಗಳು ನಿಂತವು. ಒಂದು ಕಿಟಕಿಯಲ್ಲಿ ಮುಖ ಬಂತು, ಇನ್ನೊಂದರಲ್ಲಿ ಎರಡು. ಗೋಪಾಲಪ್ಪ ಮೊದಲು ಗಂಟಿನ ಮೇಲೆ ಕೈ ಇಟ್ಟುಕೊಂಡ, ಕಾಪಾಡುವವನಂತೆ. ಸ್ವಲ್ಪ ದೂರ ಹೋದ ಮೇಲೆ ಆ ಕೈ ಇರುವುದು ಕಾಪಾಡುವುದಕ್ಕೋ ಮುಚ್ಚುವುದಕ್ಕೋ ಎಂಬುದು ಅವನಿಗೇ ಸ್ಪಷ್ಟವಿರಲಿಲ್ಲ. ಗೊರ್ಜೆಯ ಮಕ್ಕಳ ಕೇಕೆ ಎಷ್ಟು ಹಿತವಾಗಿತ್ತು.

“ಯಾರು, ಗೋಪಾಲಪ್ಪನಾ? ಏನಪ್ಪಾ ಅಳಿಮಯ್ಯ, ಊರಿಗ್ ಬಂದು ಮಾವನ ಮನೇಗೆ ಬರ್ದೆ ಹಿಂಗ್ ಎತ್ಲಾಗಿಂದ ಬರ್ತಿದ್ದೀಯ?”

ಅರಳಿಕಟ್ಟೆಯ ಮೇಲೆ ಅಪ್ಪಯ್ಯಣ್ಣ. ಪಕ್ಕದಲ್ಲಿ ಎಲೆಅಡಿಕೆ ಹಾಕುತ್ತ ನಾಲ್ಕಾರು ಮಂದಿ. ಕೆಳಗಿನ ರಸ್ತೆಯಲ್ಲಿ ಬಸ್ಸು ಆಗಲೇ ಧೂಳೆಬ್ಬಿಸುತ್ತ ಕಾಣಿಸಿಕೊಂಡಿತ್ತು.

“ಬರೋಣ ಅಂತಿದ್ದೆ ಮಾವ…”

“ಬರೋಣ ಅಂತಿದ್ನಂತೆ! ಭಾಗ್ಯ ಎಲ್ಲಪ್ಪ? ನಮ್ ಹುಡುಗೀನ ಒಬ್ಳನ್ನೇ ಬಿಟ್ಟು ಬಂದಿದ್ದೀಯಂತೆ ಆ ಕಾಡಲ್ಲಿ? ಹೆಣ್ ಕೊಟ್ಟೋರು ಕೇಳ್ಬಾರ್ದಾ?” ಅಪ್ಪಯ್ಯಣ್ಣನ ಕಣ್ಣು ಮಾತಾಡುತ್ತಲೇ ಮುಖದಿಂದ ಹೆಗಲಿಗೆ, ಹೆಗಲಿಂದ ವಲ್ಲಿಯ ಉದ್ದಕ್ಕೆ ಇಳಿಯಿತು. “ಅದೇನಪ್ಪ ಅದು, ವಲ್ಲಿ ಅವ್ನುದಕ್ಕೆ ಸಿಕ್ಕಾಕ್ಕೊಂಡೈತಲ್ಲ?”

ಸಿಕ್ಕಿಕೊಂಡಿದೆ. ಕಟ್ಟಿದೆ ಎಂಬುದು ಅವರಿಗೆ ಹೊಳೆಯುವಂತೆಯೂ ಇರಲಿಲ್ಲ. ಒಂದು ಮಾತು ಸಾಕಾಗಿತ್ತು. ‘ಇದು ನಿಮ್ಮ ಭಾಗ್ಯಳನ್ನು ಬಿಡಿಸುವ ಗಂಟು ಮಾವ’ ಎಂದರೆ ಮುಗಿಯುತ್ತಿತ್ತು. ಏನೂ ಅನ್ನದೆ ಬಸ್ಸಿನ ಮೆಟ್ಟಿಲವರೆಗೆ ನಡೆದಿದ್ದರೂ ಮುಗಿಯುತ್ತಿತ್ತು. ಗೋಪಾಲಪ್ಪ ನಕ್ಕ. ಬಸ್ಸಿನಲ್ಲಿ ನಕ್ಕ ಅದೇ ನಗು, ತುಟಿ ಹಲ್ಲಿಗೆ ಅಂಟಿತು. “ಹೂಂ ಮಾವ, ಎಲ್ಲೋ ಸಿಕ್ಕಾಕ್ಕೊಂಡ್ಬಿಟ್ಟೈತೆ” ಎಂದ ದನಿ ತನ್ನದೇ ಎಂದು ಗುರುತಿಸುವ ಮೊದಲು ಬೆರಳುಗಳು ಕೆಲಸ ಮಾಡುತ್ತಿದ್ದವು. ಬೆಳಗಿನಿಂದ ಅದೇ ಅಂಚನ್ನು ಸುತ್ತಿ ಬಿಚ್ಚಿ ಪಳಗಿದ್ದ ಬೆರಳುಗಳು. ಗಂಟು ಅಷ್ಟು ಸುಲಭವಾಗಿ ಬಿಟ್ಟುಕೊಳ್ಳುತ್ತದೆಂದು ಅವನು ಎಣಿಸಿರಲಿಲ್ಲ. ಎರಡು ಬಟ್ಟೆಗಳು ಬೇರೆಯಾಗಿ, ಗಾಳಿಗೆ ಒಂದು ಈ ಕಡೆ, ಒಂದು ಆ ಕಡೆ ಆಡಿದವು.

ಲಕ್ಷ್ಮಯ್ಯ ತನ್ನ ಶಲ್ಯದ ಅಂಚನ್ನು ನೋಡಿಕೊಂಡ. ಅವನ ಮುಖದಲ್ಲಿ ಕೋಪ ಬರುವುದೆಂದು ಗೋಪಾಲಪ್ಪ ಕಾದ, ಬಂದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಬಂದದ್ದು ಕನಿಕರ. ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಕಟ್ಟೆಯವರಿಗೆ ಕೇಳದಷ್ಟು ಮೆಲ್ಲಗೆ, ಗೊರ್ಜೆಯಲ್ಲಿ ಮಾತಾಡುತ್ತಿದ್ದಂತೆ ಹೇಳಿದ: “ನೀನೇ ಬಿಚ್ಚಿದೆ ಕಣಯ್ಯ ಗೋಪಾಲಪ್ಪ. ನಾನು ಬರೋನೇ ಇದ್ದೆ.”

“ಲಕ್ಷ್ಮಯ್ಯ, ತಾಳು, ಅದು ಸುಮ್ಮನೆ… ಇನ್ನೊಂದ್ಸಲ ಕಟ್ಟು.” ಗೋಪಾಲಪ್ಪ ವಲ್ಲಿಯ ಅಂಚನ್ನು ಅವನತ್ತ ಚಾಚಿದ. ಚಾಚಿದ ಕೈ ಕಟ್ಟೆಯ ಮೇಲಿನವರಿಗೆ ಕಾಣುತ್ತದೆಂದು ನೆನಪಾಗಿ ಅರ್ಧಕ್ಕೆ ಇಳಿಯಿತು. ಅದನ್ನೂ ಲಕ್ಷ್ಮಯ್ಯ ನೋಡಿದ. ನೋಡಿ, ಬಂದ ದಾರಿಯಲ್ಲೇ ತಿರುಗಿ ನಡೆದ. ಮೇಲಿನ ಬೀದಿಯ ಮೊರಗಳು ಮತ್ತೆ ಸದ್ದು ಮಾಡತೊಡಗಿದವು.

“ಯಾರ್ಲಾ ಅವ್ನು, ದ್ಯಾವಮ್ಮನ ಮಗನಲ್ವಾ?” ಎಂದು ಅಪ್ಪಯ್ಯಣ್ಣ ಹಿಂದಿನಿಂದ ಯಾರನ್ನೋ ಕೇಳುತ್ತಿದ್ದರು. “ಓದ್ಕೊಂಡ್ರೆ ನೋಡಪ್ಪ, ಹೆಗಲಿಗೆ ಹೆಗಲು ತಗುಲಿಸ್ಕೊಂಡು ಬರ್ತಾವೆ.” ಬಸ್ಸು ಬಂದು ನಿಂತಿತು. ಗೋಪಾಲಪ್ಪ ಹತ್ತಿದ, ಅಥವಾ ಹಿಂದಿನವರ ನೂಕಿಗೆ ಮೇಲಕ್ಕೆ ಹೋದ. ಕೂತ ಮೇಲೆ ಪಕ್ಕದ ಸೀಟು ಖಾಲಿಯಾಗಿಯೇ ಉಳಿಯಿತು. ಅದರ ಮೇಲೆ ಅವನ ವಲ್ಲಿಯ ತುದಿ ಬಿದ್ದಿತ್ತು. ಗಂಟು ಇದ್ದ ಜಾಗದಲ್ಲಿ ಬಟ್ಟೆ ಹಿಂಡಿಕೊಂಡು, ಸುಕ್ಕು ನಕ್ಷತ್ರದ ಹಾಗೆ ಸುತ್ತ ಹರಡಿತ್ತು. ಅದನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ತೀಡಿದ. ಸುಕ್ಕು ಹೋಗಲಿಲ್ಲ. ಇನ್ನೂ ಗಟ್ಟಿಯಾಗಿ ತೀಡಿದ. ತಗಡಿನ ಮಾಡಿನ ಮೇಲೆ ಮಳೆ, ಬಾಗಿಲು ತೆರೆದ ಭಾಗ್ಯ, ತನ್ನ ಪಕ್ಕ ಯಾರೂ ಇಲ್ಲದ್ದನ್ನು ಕಂಡು, ಗಂಡನ ಬೆನ್ನ ಹಿಂದೆ ಬೀದಿಯುದ್ದಕ್ಕೂ ಹುಡುಕುತ್ತಿರುವ ಅವಳ ಕಣ್ಣು. ಬಾವಿಯ ತಳದಲ್ಲಿ ಕೊಡ ತುಂಬಿತು. ಎಳೆಯುವುದಕ್ಕೆ ಮೇಲೆ ಯಾರೂ ಇರಲಿಲ್ಲ.

“ಎಲ್ಲಿಗ್ರೀ?” ಕಂಡಕ್ಟರು ಎದುರಿಗೆ ನಿಂತಿದ್ದ. “ಯಜಮಾನ್ರೇ, ನಿಮ್ಮನ್ನೇ. ಎಲ್ಲಿಗೆ?”

“ಗೊರ್ಜೆ” ಎಂದ ಗೋಪಾಲಪ್ಪ.

“ಅದೆಲ್ಲೈತ್ರೀ? ಈ ರೂಟಲ್ಲಿಲ್ಲ.”

ಯಾರೋ ನಕ್ಕರು. ಗೋಪಾಲಪ್ಪ ವಲ್ಲಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇನ್ನೊಮ್ಮೆ, ಅಷ್ಟೇ ಮೆಲ್ಲಗೆ, ಅದೇ ಹೆಸರನ್ನು ಹೇಳಿದ.